ಅಂಗೈಯಷ್ಟು ತೆರೆದ ಬಾಗಿಲು

"ಬಾಗಲಾ ಹಾಕ್ರೀ!"

ಖಾಲಿ ತಂಪುಕೋಣೆಯ ನಟ್ಟನಡುವೆ ನಿಂತು ಕಸ್ತೂರಿ ಕೂಗಿದಳು. ಬಾಯಿಂದ ಮಾತಿನ ಜೊತೆ ಬಿಳಿ ಹಬೆಯೂ ಹೊರಟಿತು.

ಬಾಗಿಲ ಬಳಿ ನಿಂತಿದ್ದವನು ಅಲುಗಲಿಲ್ಲ.

"ಹಾಕೂದಿಲ್ರಿ."

"ಯಾಕ್ರಿ?"

"ಒಳಗ ನೀವೊಬ್ರೇ ಇದ್ದೀರಿ. ಚಳಿ ಎಷ್ಟದ ನೋಡ್ರಿ!"

"ನಿಮ್ಮ ಮಣೂಕ ವರ್ಷಾನಗಟ್ಲೆ ಇದರಾಗ ಇರ್ತಾವು. ನಾ ಒಂದ್ ಗಳಿಗಿ ಇದ್ರ ಕೆಡ್ತೇನೇನ್ರಿ?"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ಬರುತ್ತಿತ್ತು, ಆದರೆ ಕೆಲಸದ ಹೊತ್ತಿನಲ್ಲಿ ನಗಬಾರದೆಂದು ಕೈಯಲ್ಲಿದ್ದ ಅಳತೆಯ ಯಂತ್ರದ ಕಡೆ ಕಣ್ಣು ಇಳಿಸಿದಳು.

ಅದು ಟಿಕೋಟಾದ ಹೊರಗೆ ಪ್ರಲ್ಹಾದರಾಯರು ಕಟ್ಟಿಸಿದ ಒಣದ್ರಾಕ್ಷಿ ಕಾರ್ಖಾನೆ. ಒಣದ್ರಾಕ್ಷಿಗೆ ಅಲ್ಲಿ ಮಣೂಕ ಎನ್ನುತ್ತಾರೆ; ಅದನ್ನು ತೊಳೆದು, ಆರಿಸಿ, ಪೆಟ್ಟಿಗೆ ತುಂಬಿ ಸಾಲು ತಂಪುಕೋಣೆಗಳಲ್ಲಿ ಇಡುತ್ತಾರೆ. ಆ ಕೋಣೆಗಳ ಗೋಡೆ, ಬಾಗಿಲು ಎಲ್ಲವೂ ದಪ್ಪ ತಗಡಿನವು. ಒಳಗೆ ಕಾಲಿಟ್ಟರೆ ಮೊಬೈಲು ಸತ್ತಂತೆ. ಒಳಗಿದ್ದವರಿಗೆ ಏನಾದರೂ ಆದರೆ ಎಷ್ಟು ಕೂಗಿದರೂ ಹೊರಗೆ ಕೇಳುವುದಿಲ್ಲ. ಅದಕ್ಕೇ ಕಾರ್ಖಾನೆಗೆ ತನ್ನದೇ ಸ್ವಂತ ವೈರ್‌ಲೆಸ್ ನೆಟ್‌ವರ್ಕ್ ಬೇಕಾಗಿತ್ತು. ಕೆಲಸದವರ ಕೊರಳಿಗೊಂದು ಗುಂಡಿ. ಒತ್ತಿದರೆ ಆಫೀಸಿನಲ್ಲಿ ಗಂಟೆ ಹೊಡೆಯಬೇಕು.

ಇಂಥ ನೆಟ್‌ವರ್ಕುಗಳ ಯೋಜನೆ ಹಾಕಿ, ಖರ್ಚಿನ ಅಂದಾಜು ಕಟ್ಟುವುದು ಕಸ್ತೂರಿಯ ಕೆಲಸ. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಅವಳು ಕೆಲಸ ಮಾಡುವ ಸಣ್ಣ ಕಂಪನಿ. ಕಾಖಂಡಕಿಯ ಕುರಿ ಕಾಯುವ ಮನೆಯಿಂದ ಇಂಜಿನಿಯರಿಂಗ್ ಓದಿದ ಮೊದಲ ಹುಡುಗಿ ಅವಳು. 'ಕಸ್ತೂರಿ ಅಳದದ್ದು ತಪ್ಪೂದಿಲ್ಲ' ಎಂದು ಕಂಪನಿಯವರು ಹೇಳುತ್ತಿದ್ದರು. ಆ ಒಂದು ಮಾತಿನ ಮೇಲೆ ಅವಳ ಬದುಕೇ ನಿಂತಿತ್ತು.

ಹೊರಗಿನ ಮೊಗಸಾಲೆಯಲ್ಲಿ ಪರೀಕ್ಷೆಯ ರೇಡಿಯೋ ಇಟ್ಟಿದ್ದಳು. ಬಾಗಿಲು ಮುಚ್ಚಿದ ಮೇಲೂ ಒಳಗೆ ಸಿಗ್ನಲ್ ಬಂದರೆ, ಮೊಗಸಾಲೆಯ ಎರಡು ತುದಿಗೆ ಎರಡು ರೇಡಿಯೋ ಸಾಕು. ಬರದಿದ್ದರೆ ಪ್ರತಿ ಕೋಣೆಯೊಳಗೂ ಒಂದೊಂದು ಹಾಕಬೇಕು. ಖರ್ಚು ಎರಡರಷ್ಟು.

"ಬಾಗಲಾ ಹಾಕದ ಅಳದ್ರ ಅದು ಅಳತೀನ ಅಲ್ರಿ," ಎಂದಳು.

"ಆತು. ಹಾಕ್ತೇನಿ," ಎಂದು ಅವನು ಹೊರಗೆ ಹೋದ. ಭಾರದ ಬಾಗಿಲು ಸರಿಯಿತು. ಬೆಳಕು ಕಿರಿದಾಯಿತು.

"ಹಾಕೀನ್ರಿ!" ಎಂದು ಹೊರಗಿನಿಂದ ಕೂಗಿದ.

ಹಾಕಿರಲಿಲ್ಲ.

ಆ ಬಾಗಿಲನ್ನು ಒಳಗಿನಿಂದ ತೆಗೆಯುವ ಹಿಡಿಕೆ ಕೆಟ್ಟಿತ್ತು. ದುರಸ್ತಿಯವನು ಬಂದಿರಲಿಲ್ಲ. ಪರವೂರಿನ ಹುಡುಗಿಯ ಎದುರು ಇದನ್ನು ಹೇಳಲು ಅವನಿಗೆ ನಾಚಿಕೆ. ಅವಳನ್ನು ಒಳಗೆ ಹಾಕಿ ಮುಚ್ಚಲು ಭಯ. ಬಾಗಿಲ ಸಂದಿಯಲ್ಲಿ ಅಂಗೈ ಅಡ್ಡ ಇಟ್ಟುಕೊಂಡು, ಅವಳು ಅಳೆದು ಮುಗಿಸುವತನಕ ಹಾಗೇ ನಿಂತ. ಬಾಗಿಲಿನ ಭಾರವೆಲ್ಲ ಆ ಕೈಯ ಮೇಲೆ.

ಗೋಡೆಗೆ ಮುಖ ಮಾಡಿ, ಕೋಣೆಯ ದೀಪದಡಿ ನಿಂತಿದ್ದ ಕಸ್ತೂರಿಗೆ ಸಂದಿ ಕಾಣಲಿಲ್ಲ; ಬಾಗಿಲು ಮುಚ್ಚಿದ್ದರೆ ಅವನ ಕೂಗು ಒಳಗೆ ಕೇಳಬಾರದಿತ್ತೆಂದೂ ಹೊಳೆಯಲಿಲ್ಲ. ಯಂತ್ರದ ಮೇಲೆ ಸಿಗ್ನಲ್ ಚೆನ್ನಾಗಿಯೇ ಬಂದಿತ್ತು. 'ಇಷ್ಟ್ ಛಲೋ ಹೆಂಗ?' ಎಂದು ಒಂದು ಕ್ಷಣ ಅನ್ನಿಸಿತು... ಆದರೆ ಒಳ್ಳೆಯದನ್ನು ಯಾರು ಎರಡು ಸಲ ಅನುಮಾನಿಸುತ್ತಾರೆ?

ಅವನ ಹೆಸರು ಅನೂಪ. ಕಾರ್ಖಾನೆಯ ಯಂತ್ರಗಳ ಉಸ್ತುವಾರಿ. ವಿಜಯಪುರದ ನಿವೃತ್ತ ಮಾಸ್ತರರ ಮಗ.

ಅಂದು ಚಹಾದ ಬಟ್ಟಲನ್ನು ಅವನು ಎಡಗೈಯಿಂದ ಕೊಟ್ಟಾಗ ಅವಳು, "ಬಲಗೈಗೆ ಏನಾಗೇತಿ?" ಎಂದು ಕೇಳಿದಳು.

"ಏನಿಲ್ರಿ, ಜೋಮ್ ಹಿಡದದ," ಎಂದ.

* * *

ಯೋಜನೆ ಒಪ್ಪಿಸುವ ದಿನ ಪ್ರಲ್ಹಾದರಾಯರು ಕನ್ನಡಕ ಹಣೆಗೇರಿಸಿ ಕೂತಿದ್ದರು.

"ಊರ ತುಂಬ ಮೊಬೈಲ್ ಟಾವರ್ ಅವ. ಮತ್ತ ನಮಗ್ಯಾಕವಾ ನಮ್ಮದೇ ನೆಟ್‌ವರ್ಕು? ಮನ್ಯಾಗ ನಳಾ ಇದ್ದು ಬಾವಿ ತೋಡಸ್ತಾರೇನು?"

"ನಳದ ನೀರು ಬಿಡೋರು ಬ್ಯಾರೇರು, ರಾಯ್ರ. ಅವರು ಬಿಟ್ಟಾಗ ಬರ್ತೈತಿ. ಬಾವಿ ನಿಮ್ದು, ಹಗ್ಗಾ ನಿಮ್ದು, ಕೊಡಾ ನಿಮ್ದು," ಎಂದಳು ಕಸ್ತೂರಿ.

ರಾಯರು ಅನೂಪನ ಕಡೆ ತಿರುಗಿದರು. "ಛಲೋ ಮಾತಾಡ್ತಾಳಪಾ ಈ ಹುಡುಗಿ. ಖರ್ಚು ಹೇಳವಾ, ನನ್ನ ಎದಿ ಗಟ್ಟಿ ಮಾಡ್ಕೊಂಡೇನಿ."

ಅವಳು ಹೇಳಿದಳು. ರಾಯರ ಎದೆ ಹಗುರಾಯಿತು. ಅಂದಾಜು ಅವರು ಅಂದುಕೊಂಡಿದ್ದರ ಅರ್ಧವಿತ್ತು.

"ಕೋಣಿ ಒಳಗ ರೇಡಿಯೋ ಬ್ಯಾಡೇನು?"

"ಬಾಗಲಾ ಹಾಕಿ ಅಳದೇನ್ರಿ. ಬ್ಯಾಡ."

ಆಗಲೇ ಅನೂಪ ತಲೆ ಎತ್ತಬೇಕಾಗಿತ್ತು. ಆದರೆ ಅವನು ಯಂತ್ರದ ಮನುಷ್ಯ, ಅಲೆಗಳ ಲೆಕ್ಕ ಅವನದಲ್ಲ. ಅಂಗೈಯಷ್ಟು ಸಂದಿಯಿಂದ ಇಡೀ ಸಿಗ್ನಲ್ ಒಳಗೆ ನುಗ್ಗುತ್ತದೆಂದು ಅವನಿಗೆ ಹೊಳೆಯಲೇ ಇಲ್ಲ. ಅಲ್ಲದೆ, ಖರೆ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ಅವನು ಅವಳ ಮಾತು ಕೇಳುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ.

ಕೆಲಸ ಶುರುವಾಯಿತು. ಕಂಬ, ತಂತಿ, ಪೆಟ್ಟಿಗೆಗಳು ಬಂದವು. ಕಸ್ತೂರಿ ವಾರಕ್ಕೆರಡು ಸಲ ಟಿಕೋಟಾಕ್ಕೆ ಬಂದಳು. ಬಸ್ಸಿನಿಂದ ಇಳಿದರೆ ಅನೂಪ ಅಲ್ಲಿರುತ್ತಿದ್ದ, ಯಾವಾಗಲೂ ಬೇರೆ ಯಾವುದೋ ಕೆಲಸಕ್ಕೆ ಬಂದವನ ಹಾಗೆ.

"ಮತ್ತ ಬಂದೀರಿ ಬಸ್‌ಸ್ಟ್ಯಾಂಡಿಗೆ?"

"ನಟ್ಟು ತಗೊಳ್ಳಿಕ್ಕೆ ಬಂದಿದ್ದೆ."

"ಹ್ವಾದ ವಾರಾನೂ ನಟ್ಟ!"

"ದೊಡ್ಡ ಕಾರ್ಖಾನಿ ರೀ. ಭಾಳ ನಟ್ಟು ಅವ."

ನಡೆಯುವಾಗ ಅವನು ಬಿಸಿಲ ಕಡೆ ತಾನಿದ್ದು ನೆರಳನ್ನು ಅವಳಿಗೆ ಬಿಡುತ್ತಿದ್ದ. ಒಳಗೆ ಪೆಟ್ಟಿಗೆ ಜೋಡಿಸುವ ಲಕ್ಕವ್ವ ಇದನ್ನೆಲ್ಲ ನೋಡುತ್ತಿದ್ದಳು. ಬಬಲೇಶ್ವರದಿಂದ ದಿನಾ ಜೀಪು ಹಿಡಿದು ಬರುವ ವಿಧವೆ. ತನ್ನ ಬುತ್ತಿಯ ರೊಟ್ಟಿ ಮುರಿದು ಅರ್ಧ ಕಸ್ತೂರಿಯ ಕೈಗೆ ತುರುಕುತ್ತಿದ್ದಳು.

"ತಿನ್ನ ಬೇ. ತಂತಿಗಿಂತ ತೆಳ್ಳಗಾಗೀದಿ. ಆ ಅನೂಪಪ್ಪ ನಿನ್ನ ನೋಡೂದರಾಗ ಮಶೀನಿಗೆ ಎಣ್ಣಿ ಹಾಕೂದ ಮರ್ತಾನ."

"ಸುಮ್ನಿರ ಯವ್ವಾ!" ಕಸ್ತೂರಿಯ ಕಿವಿ ಕೆಂಪಾಗುತ್ತಿತ್ತು.

ನೆಟ್‌ವರ್ಕ್ ಪರೀಕ್ಷೆ ಮಾಡುವ ದಿನ ಬಂತು. ಆಗ ಹೊಸ ಮಾಲು ತುಂಬುತ್ತಿದ್ದರು, ಕೋಣೆಗಳ ಬಾಗಿಲು ದಿನವಿಡೀ ತೆರೆದೇ ಇತ್ತು. ಲಕ್ಕವ್ವ ಕೊರಳಿನ ಗುಂಡಿ ಒತ್ತಿದಳು. ಆಫೀಸಿನಲ್ಲಿ ಗಂಟೆ ಹೊಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲು ಮುಚ್ಚಿದ ಅಳತೆ ಮೊದಲೇ ಆಗಿದೆಯಲ್ಲ ಎಂದು ಕಸ್ತೂರಿ ಮತ್ತೆ ಮುಚ್ಚಿ ನೋಡಲಿಲ್ಲ.

ಸಂಜೆ ಬಸ್ಸು ಹತ್ತುವ ಮುಂಚೆ ಅನೂಪ ಹೇಳಿದ, "ಮಾಲು ತುಂಬೂದು ಮುಗೀಲಿ. ಕಾಖಂಡಕಿಗೆ ಬರ್ತೇನಿ... ನಿಮ್ಮ ಅವ್ವನ ಕೂಡ ಮಾತಾಡ್ಲಿಕ್ಕೆ."

ಕಸ್ತೂರಿ ಬಸ್ಸು ಹತ್ತಿದಳು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೈ ಹೊರಚಾಚಿದಳು. ಬೀಸಲಿಲ್ಲ, ಸುಮ್ಮನೆ ಚಾಚಿದಳು.

ಅವನು ಕಾಖಂಡಕಿಗೆ ಹೋಗಲಿಲ್ಲ.

* * *

ಕೋಣೆ ತುಂಬಿ ಬಾಗಿಲು ಮುಚ್ಚಿದ ಮೇಲೆ, ಒಂದು ಮಧ್ಯಾಹ್ನ ಪೆಟ್ಟಿಗೆ ಸರಿಮಾಡಲು ಒಬ್ಬಳೇ ಒಳಗೆ ಹೋದ ಲಕ್ಕವ್ವ ಏಣಿಯಿಂದ ಬಿದ್ದಳು.

ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತ್ತು. ಒಳಗಿನ ಹಿಡಿಕೆ ಅಷ್ಟೊತ್ತಿಗೆ ದುರಸ್ತಿಯಾಗಿತ್ತು, ಆದರೆ ಅಲ್ಲಿಯವರೆಗೆ ಹೋಗಲು ಅವಳ ಸೊಂಟ ಏಳಬೇಕಲ್ಲ! ಕೊರಳಿನ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ದೇವರ ಹೆಸರು ಹೇಳುತ್ತ ಒತ್ತುತ್ತಲೇ ಇದ್ದಳು.

ಆಫೀಸಿನಲ್ಲಿ ಗಂಟೆ ಹೊಡೆಯಲಿಲ್ಲ.

ಸಂಜೆ ಪೆಟ್ಟಿಗೆ ತೆಗೆಯಲು ಬಂದ ಹಮಾಲ ಯುನುಸ ಅವಳನ್ನು ನೋಡಿದ. ಗಾಡಿ ಅಲ್ಲೇ ಬಿಟ್ಟು, ತನ್ನ ಅಂಗಿ ಬಿಚ್ಚಿ ಅವಳಿಗೆ ಹೊದಿಸಿ, ಎತ್ತಿಕೊಂಡೇ ಓಡಿದ. ಲಕ್ಕವ್ವನ ಜೀವ ಉಳಿಯಿತು. ಸೊಂಟ ಉಳಿಯಲಿಲ್ಲ. ಇನ್ನು ಕೋಲಿಲ್ಲದೆ ನಡೆಯಲಾರಳು ಎಂದರು ಡಾಕ್ಟರು.

ರಾಯರ ಆಫೀಸಿನಲ್ಲಿ ಎಲ್ಲರೂ ಸೇರಿದರು. ಕಸ್ತೂರಿಯ ಕಂಪನಿಯ ಮುಖ್ಯಸ್ಥರೂ ಬಂದಿದ್ದರು.

"ಸರ್ವೆ ಮಾಡಿದ್ದು ಕಸ್ತೂರಿ. ಯೋಜನೆನೂ ಆಕೀದೇ," ಎಂದು ಅವರು ಮೊದಲೇ ಕೈ ತೊಳೆದುಕೊಂಡರು.

"ಅರ್ಧ ಖರ್ಚಿನಾಗ ಮುಗಸ್ತೇನಿ ಅಂದ್ಯಲ್ಲವಾ," ಎಂದರು ರಾಯರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಸ್ತೂರಿ ರಾಯರ ಕಡೆ ತಿರುಗಿದಳು. "ನಾ ಬಾಗಲಾ ಹಾಕಿ ಅಳದೇನ್ರಿ. ಆಣಿ ಮಾಡಿ ಹೇಳ್ತೇನಿ. ಅನೂಪ್ ಸರ್ ಅಲ್ಲೇ ಇದ್ರು. ಹೇಳ್ರಿ ಸರ್... ಬಾಗಲಾ ಹಾಕಿತ್ತು, ಹೌದಿಲ್ಲೋ?"

ಎಲ್ಲರ ಕಣ್ಣೂ ಅನೂಪನ ಮೇಲೆ.

ಆ ಕ್ಷಣ ಅವನಿಗೆ ಎಲ್ಲವೂ ತಿಳಿಯಿತು! ಸಂದಿ... ಅಂಗೈ... ಸಿಗ್ನಲ್... ಲಕ್ಕವ್ವ. ಅವನ ಮುಖದಲ್ಲಿ ರಕ್ತ ಉಳಿಯಲಿಲ್ಲ. ಬಾಯಿ ತೆರೆದ. ಮಾತು ಬರಲಿಲ್ಲ. ತಲೆ ತಗ್ಗಿಸಿದ.

ಕಸ್ತೂರಿ ಕಾದಳು. ಕಾದು ಕಾದು ಕೊನೆಗೆ ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

'ನಾ ಸುಳ್ಳು ಹೇಳಾಕತ್ತೇನಿ ಅಂತ ತಿಳಕೊಂಡಾನ. ಒಂದ್ ಮಾತು... ಒಂದ ಮಾತು ಆಡಲಿಲ್ಲ!'

ಅಂದು ಬಸ್‌ಸ್ಟ್ಯಾಂಡಿನಲ್ಲಿ ನಟ್ಟು ಕೊಳ್ಳಲು ಯಾರೂ ಬಂದಿರಲಿಲ್ಲ.

* * *

"ಇನ್ನ ಮುಂದ ಪ್ಲಾನ್ ಮಾಡೂದು ಬ್ಯಾಡವಾ, ಬಿಲ್ ಬರ್ಕೋತ ಇರು," ಎಂದರು ಮುಖ್ಯಸ್ಥರು.

ಅವಳು ಬಿಲ್ಲೂ ಬರೆಯಲಿಲ್ಲ. ರಾಜೀನಾಮೆ ಕೊಟ್ಟು ಕಾಖಂಡಕಿಗೆ ಹೋದಳು.

ಅವ್ವ ತಾಯವ್ವ ಅವಳ ಮುಖ ನೋಡಿದಳು. "ಬಂದ್ಯಾ? ಬಾ," ಎಂದಳು. ಯಾಕೆ ಬಂದೆ ಎಂದು ಕೇಳಲಿಲ್ಲ. ಒಲೆಯ ಮೇಲೆ ನೀರಿಟ್ಟಳು. ರಾತ್ರಿ ಮಗಳ ಹಾಸಿಗೆಯನ್ನು ತನ್ನ ಪಕ್ಕಕ್ಕೇ ಹಾಸಿದಳು.

ಕಸ್ತೂರಿಗೆ ಯಾವುದರ ಮೇಲೂ ನಂಬಿಕೆ ಉಳಿದಿರಲಿಲ್ಲ. ಮನೆಯಲ್ಲಿ ಅಕ್ಕಿ ಅಳೆದು ಹಾಕುವಾಗಲೂ ಕೈ ತಡವರಿಸುತ್ತಿತ್ತು. ಅನೂಪನ ಫೋನು ಬಂದಾಗ ಎತ್ತಲಿಲ್ಲ. ಆಮೇಲೆ ನಂಬರೇ ಬದಲಿಸಿದಳು. ಅಣ್ಣ ಗಂಡು ನೋಡಲು ಶುರುಮಾಡಿದ. ಅವಳು ಹೂಂ ಅನ್ನಲಿಲ್ಲ, ಊಹೂಂ ಎನ್ನುವ ಶಕ್ತಿಯೂ ಇರಲಿಲ್ಲ.

ಒಂದೇ ಒಂದು ಕೆಲಸ ಬಿಡಲಿಲ್ಲ. ಬಬಲೇಶ್ವರದ ಸಂತೆಯ ದಿನ ಬಸ್ಸು ಹಿಡಿದು ಲಕ್ಕವ್ವನ ಮನೆಗೆ ಹೋಗುತ್ತಿದ್ದಳು. ಕಾಯಿಪಲ್ಲೆ ಇಟ್ಟು, ಅವಳ ತಲೆ ಬಾಚಿ, ಕಾಲು ಒತ್ತಿ ಬರುತ್ತಿದ್ದಳು. ಹೋದಾಗಲೆಲ್ಲ ಹಂಡೆ ತುಂಬಿರುತ್ತಿತ್ತು, ಅಂಗಳ ಗುಡಿಸಿರುತ್ತಿತ್ತು. ಓಣಿಯವರು ಮಾಡಿಕೊಡುತ್ತಾರೆ ಅಂದುಕೊಂಡಿದ್ದಳು.

ಒಂದು ಸಂತೆಯ ದಿನ ಸ್ವಲ್ಪ ಬೇಗ ಹೋದಳು.

ಅನೂಪ ಎರಡು ಕೊಡ ನೀರು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ! ಗಡ್ಡ ಬೆಳೆದಿತ್ತು, ಅಂಗಿ ಮಾಸಿತ್ತು. ಅವಳನ್ನು ನೋಡಿ ಅರ್ಧ ಕೊಡ ನೀರು ಅವನ ಕಾಲಿನ ಮೇಲೇ ಚೆಲ್ಲಿತು.

ಕಸ್ತೂರಿ ಹಿಂದಕ್ಕೆ ತಿರುಗಿದಳು.

"ಏಯ್ ಹುಡಗೀ!" ಒಳಗಿನಿಂದ ಲಕ್ಕವ್ವನ ದನಿ. "ಬಾಗಲದಾಗ ಬಂದು ಹೊಳ್ಳಿ ಹೋಗಾಕ ನಾ ಏನ್ ಸತ್ತೇನೇನ? ಬಾ ಒಳಗ. ಇವ ದಿನಾ ಬರ್ತಾನ. ನಿನಗ ಹೇಳಬ್ಯಾಡ ಅಂದಿದ್ದ. ಏ ಅನೂಪಪ್ಪಾ, ಕೊಡಾ ಇಳಸು. ನನಗ ಹೇಳಿದ್ದು ಇಕಿಗೂ ಹೇಳು. ಎಷ್ಟ್ ದಿನಾ ನುಂಗ್ಕೋತ ಅಡ್ಡಾಡ್ತಿ?"

ಅವನು ಕೊಡ ಇಳಿಸಿದ. ನೆಲ ನೋಡುತ್ತ ಹೇಳಿದ.

"ಬಾಗಲಾ ಹಾಕಿರಲಿಲ್ಲ, ಕಸ್ತೂರಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಒಳಗಿನ ಹಿಡಿಕಿ ಕೆಟ್ಟಿತ್ತು. ನೀವು ಒಳಗ ಸಿಕ್ಕೊಂಡ್ರ ಅಂತ ಹೆದರಿಕಿ ಆತು. ಸಂದ್ಯಾಗ ಕೈ ಇಟ್ಟು ನಿಂತಿದ್ದೆ. ಹಾಕೀನಿ ಅಂತ ಸುಳ್ಳು ಹೇಳಿದೆ. ಅದರಿಂದ ಅಳತಿ ತಪ್ತದ ಅಂತ ನನಗ ಗೊತ್ತೇ ಇರಲಿಲ್ಲ. ಅವತ್ತು ಎಲ್ಲಾರ ಮುಂದ ನೀವು ಕೇಳಿದಾಗ ಗೊತ್ತಾತು... ನಾಲಿಗಿ ಬಿದ್ದೇ ಹೋತು."

"ಅಂದ್ರ..." ಕಸ್ತೂರಿ ಹೊಸ್ತಿಲು ದಾಟಿ ಒಳಗೆ ಬಂದಳು. "ಅಂದ್ರ ನಾ ಅಳದದ್ದು ತಪ್ಪಲ್ಲ?"

"ಅಲ್ಲ."

ಎದೆಯ ಮೇಲಿನ ಬಂಡೆ ಸರಿದಂತೆ ಒಂದು ನಿಟ್ಟುಸಿರು ಬಂತು. ಬಂದ ಮರುಕ್ಷಣವೇ ಅವಳ ಕಣ್ಣು ಹಾಸಿಗೆಯ ಮೇಲಿದ್ದ ಲಕ್ಕವ್ವನ ಕಾಲಿನ ಮೇಲೆ ಬಿತ್ತು. ತನ್ನ ಹಗುರಕ್ಕೆ ತನಗೇ ನಾಚಿಕೆಯಾಯಿತು. ಈ ಮುದುಕಿಯ ಎದುರು ನಾನು ಉಸಿರು ಬಿಟ್ಟೆನೇ?

"ತಪ್ಪ ಐತಿ," ಎಂದಳು ಮೆಲ್ಲಗೆ. "ಇಷ್ಟ್ ಛಲೋ ಹೆಂಗ ಬಂತು ಅಂತ ಅನಸಿತ್ತು ನಂಗ. ಇನ್ನೊಮ್ಮಿ ಅಳೀಬೇಕಿತ್ತು. ಖರ್ಚು ಕಡಿಮಿ ಆದ್ರ ರಾಯ್ರು ಒಪ್ತಾರ, ಕೆಲಸ ನಮಗ ಸಿಗ್ತೈತಿ ಅಂತ... ನಂಗೂ ಅದು ಛಲೋ ಬರೂದ ಬೇಕಾಗಿತ್ತು."

"ಆತಲ್ಲ," ಎಂದಳು ಲಕ್ಕವ್ವ. "ಇಬ್ಬರೂ ತಪ್ಪ ಹಂಚ್ಕೊಂಡ್ರಿ. ನನ್ನ ಸೊಂಟಂತೂ ಯಾರೂ ಹಂಚ್ಕೊಳ್ಳಂಗಿಲ್ಲ. ಹೋಗ್ರಿ, ಕಟ್ಟಿ ಮ್ಯಾಲ ಕುಂತು ಅಳ್ರಿ. ಒಳಗ ಅತ್ರ ನಂಗೂ ಬರ್ತೈತಿ."

* * *

ಹೊರಗಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ.

"ರಾಯರಿಗೆ ಹೇಳಿದ್ರೇನು?" ಕೇಳಿದಳು.

"ಹೇಳಿದೆ. ನಿಮ್ಮ ಕಂಪನಿಗೂ ಹೋಗಿ ಹೇಳಿದೆ."

"ಏನಂದ್ರು?"

"ರಾಯ್ರು ನನ್ನ ಕೆಲಸದಿಂದ ತಗದ್ರು. ನಿಮ್ಮವರು... ತಪ್ಪು ಮಾಡಿದವರ ಪೈಕಿ ಇನ್ನೊಂದು ಹೆಸರು ಸೇರ್ತು ಅಷ್ಟೇ, ಮದಲಿನ ಹೆಸರು ಹೋಗೂದಿಲ್ಲ ಅಂದ್ರು."

"ನೆಟ್‌ವರ್ಕು?"

"ಕಿತ್ತು ಹಾಕಿದ್ರು. ಕೋಣಿ ಒಳಗ ರೇಡಿಯೋ ಹಾಕ್ರಿ, ಸರಿ ಹೋಗ್ತದ ಅಂತ ಕಾಲಿಗೆ ಬಿದ್ದೆ. ಇನ್ನ ಒಂದ್ ಪೈ ಹಾಕೂದಿಲ್ಲ ಅಂದ್ರು. ಈಗ ಕೊರಳಾಗ ಗುಂಡಿನೂ ಇಲ್ಲ. ಹೆಣ್ಮಕ್ಕಳು ಹಂಗೇ ಒಳಗ ಹೋಗ್ತಾರ."

ಕಸ್ತೂರಿ ಕಣ್ಣು ಮುಚ್ಚಿದಳು. ಇಷ್ಟೆಲ್ಲ ಆಗಿಯೂ ಒಂದೂ ಸರಿಯಾಗಿರಲಿಲ್ಲ.

"ನಿಮ್ಮ ಮನ್ಯಾಗ?"

"ಅಪ್ಪ ಮಾತು ಬಿಟ್ಟಾರ. ಕೆಲಸಕ್ಕಲ್ಲ... ಜಾತಿ ಬ್ಯಾರೆ ಆದ್ರೂ ಕಾಖಂಡಕಿ ಹುಡುಗಿನ್ನ ಮಾಡ್ಕೋತೇನಿ ಅಂದೆ, ಅದಕ್ಕ."

ಅವಳು ತಟ್ಟನೆ ಅವನ ಕಡೆ ನೋಡಿದಳು. "ನಾ ಫೋನ್ ಎತ್ತಲಿಲ್ಲ. ನನ್ನ ಮುಖಾನ ನೋಡಿರಲಿಲ್ಲ ನೀವು. ಆದ್ರೂ ಹೇಳಿದ್ರಿ?"

"ಒಂದ್ ಸಲ ಸುಮ್ನ ಇದ್ದದ್ದು ಸಾಕಾಗಿತ್ತು."

ಸಂತೆಯಿಂದ ಮರಳುವ ಗಾಡಿಗಳು ಓಣಿಯಲ್ಲಿ ಸಾಗುತ್ತಿದ್ದವು. ಯಾರೋ ಹೆಂಗಸು ಹೋಗುತ್ತ ಹೋಗುತ್ತ ಲಕ್ಕವ್ವನ ಹೊಸ್ತಿಲಲ್ಲಿ ಒಂದು ಕಟ್ಟು ಮೆಂತ್ಯೆಸೊಪ್ಪು ಇಟ್ಟು, ಯಾರಿಗೂ ಹೇಳದೆ ಮುಂದೆ ನಡೆದಳು.

"ನಿನ್ನ ಒಳ್ಳೇತನ ಭಾಳ ಕೆಟ್ಟದ್ದು, ಅನೂಪ," ಎಂದಳು ಕಸ್ತೂರಿ. ನೀವು ಎನ್ನುವುದು ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ. "ನನಗ ಹೆದರಿಕಿ ಆಗ್ತೈತಿ ಅಂತ ನೀನ ತಿಳ್ಕೊಂಡಿ. ನಾ ಸಿಕ್ಕೊತೇನಿ ಅಂತ ನೀನ ತಿಳ್ಕೊಂಡಿ. ಒಂದ್ ಮಾತು ಹೇಳಿದ್ರ ಯುನುಸನ್ನ ಹೊರಗ ನಿಲ್ಲಿಸಿ ಅಳೀತಿದ್ದೆ. ಹೇಳಲಿಲ್ಲ. ಇನ್ನ ಮ್ಯಾಲ ನನಗ ಏನ್ ಬೇಕು, ಏನ್ ಬ್ಯಾಡ ಅಂತ ನಿನ್ನ ಮನಸಿನ್ಯಾಗ ನೀನ ಲೆಕ್ಕಾ ಹಾಕಬ್ಯಾಡ. ಕೇಳು. ನಾ ಖರೇ ಹೇಳ್ತೇನಿ."

ಅನೂಪ ಅವಳ ಕಡೆ ತಿರುಗಿದ. ಅವನ ಕಣ್ಣಿನ ನೀರು ಗಡ್ಡದೊಳಗೆ ಇಳಿದು ಕಾಣದಾಯಿತು. ಕೆಲಸವಿಲ್ಲ, ಮನೆಯವರ ಒಪ್ಪಿಗೆಯಿಲ್ಲ, ಒಳಗೆ ಮಲಗಿದ ಜೀವ ಮತ್ತೆ ಮೊದಲಿನಂತೆ ಓಡಾಡುವ ಆಸೆಯಿಲ್ಲ. ಇವರಿಬ್ಬರ ಮುಂದೆ ಯಾವ ದಾರಿಯೂ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಕೇಳ್ಲ್ಯಾ?" ಎಂದ ಕೊನೆಗೆ.

"ಕೇಳು."

"ನನ್ನ ಮ್ಯಾಲ ಸಿಟ್ಟು ಅದ ಏನು ಇನ್ನೂ?"

"ಐತಿ."

"ಭಾಳ?"

"ಭಾಳ."

ಅವನು ತಲೆಯಾಡಿಸಿದ. ಕಟ್ಟೆಯ ಅಂಚನ್ನು ಹಿಡಿದುಕೊಂಡ.

"ಹಂಗಾದ್ರ... ಹೋಗ್ಲ್ಯಾ?"

ಕಸ್ತೂರಿ ಅವನ ಮುಖ ನೋಡಲಿಲ್ಲ. ಇಬ್ಬರ ನಡುವಿನ ಜಾಗದಲ್ಲಿ ತನ್ನ ಕೈಯಿಟ್ಟಳು.

"ಬ್ಯಾಡ," ಎಂದಳು.